ಬಾವಲಿ ಹಾರುತ್ತದೆ, ತಿಮಿಂಗಿಲ ಈಜುತ್ತದೆ: ಹಾಗಾದರೆ ಸಸ್ತನಿ ಅಂದರೆ ಯಾವುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಸಸ್ತನಿಗಳ ಪಾಠದಲ್ಲಿ ಬೋರ್ಡಿನ ಮೇಲೆ ಐದು ಸಾಲು ಬರೆದೆ: ನಾಲ್ಕು ಕಾಲು ಇರುತ್ತವೆ, ನೆಲದ ಮೇಲೆ ಬದುಕುತ್ತವೆ, ಮೈಮೇಲೆ ಕೂದಲಿರುತ್ತದೆ, ಮರಿ ಹಾಕುತ್ತವೆ, ಮರಿಗೆ ಹಾಲು ಕುಡಿಸುತ್ತವೆ. ಬರೆದು ಮುಗಿಸುವುದರೊಳಗೆ ಮಕ್ಕಳು ಶುರು ಮಾಡಿದರು. ಬಾವಲಿ ಹಾರುತ್ತದಲ್ಲ ಟೀಚರ್? ತಿಮಿಂಗಿಲಕ್ಕೆ ಕಾಲೆಲ್ಲಿದೆ? ಚಿಪ್ಪುಹಂದಿಗೆ ಕೂದಲು ಎಲ್ಲಿ? ಮೊಟ್ಟೆ ಇಡುವ ಪ್ಲಾಟಿಪಸ್ ಕೂಡ ಸಸ್ತನಿಯಂತೆ, ಹೌದಾ? ಪಾರಿವಾಳವೂ ಮರಿಗೆ ಹಾಲು ಕೊಡುತ್ತದಂತೆ! ಕೊನೆಗೆ ಒಬ್ಬಳು, ನಾವೂ ಪ್ರಾಣಿಗಳಾ ಎಂದಳು. ಇವರಿಗೆ ಹೇಗೆ ಹೇಳಿಕೊಡಲಿ?

ಉತ್ತರ: ಮೇಡಂ, ಮೊದಲು ಬೋರ್ಡಿನ ಮೇಲಿನ ಐದು ಸಾಲಿನಲ್ಲಿ ಮೂರನ್ನು ಅಳಿಸಿಬಿಡಿ. ನಾಲ್ಕು ಕಾಲು ಬೇಡ, ನೆಲದ ವಾಸ ಬೇಡ, ಮರಿ ಹಾಕುವುದೂ ಬೇಡ. ಹಾಲು ಮತ್ತು ಕೂದಲು, ಇವೆರಡೇ ಉಳಿಯಲಿ. ಮೈಯಲ್ಲಿರುವ ಹಾಲಿನ ಗ್ರಂಥಿಗಳಿಂದ ತಾಯಿ ಮರಿಗೆ ಹಾಲೂಡಿಸುತ್ತಿದ್ದರೆ, ಬದುಕಿನ ಯಾವುದೋ ಒಂದು ಹಂತದಲ್ಲಾದರೂ ಮೈಮೇಲೆ ಒಂದಿಷ್ಟು ಕೂದಲಿದ್ದರೆ ಅದು ಸಸ್ತನಿ. ಮಕ್ಕಳು ಯಾವ ಪ್ರಾಣಿಯ ಹೆಸರು ಎತ್ತಿದರೂ ಈ ಎರಡು ಪ್ರಶ್ನೆ ಕೇಳಿಸಿ.

ಎಲ್ಲಿ ಬದುಕುತ್ತದೆ, ಹೇಗೆ ಓಡಾಡುತ್ತದೆ ಎನ್ನುವುದು ಆಯಾ ಪ್ರಾಣಿಯ ಹೊಟ್ಟೆಪಾಡಿಗೆ ಬಿಟ್ಟ ವಿಷಯ. ಹೊಟ್ಟೆಪಾಡು ಬದಲಾದಂತೆ ಕಾಲು ರೆಕ್ಕೆಯಾಗಿದೆ, ಈಜುರೆಕ್ಕೆಯಾಗಿದೆ, ಗೊರಸೂ ಆಗಿದೆ. ಮರಿಯನ್ನು ಸಾಕುವ ರೀತಿ ಮಾತ್ರ ಈ ಕುಲದಲ್ಲಿ ಕೋಟಿಗಟ್ಟಲೆ ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿದೆ. ನಿಮ್ಮ ಬೋರ್ಡಿನ ಮೇಲಿದ್ದಂಥದೇ ಪಟ್ಟಿಯನ್ನು ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ ಕೂಡ ಮಾಡಿದ್ದರು. 1735ರಲ್ಲಿ ಅವರು ಜೀವಿಗಳನ್ನು ವಿಂಗಡಿಸಿದಾಗ ಈ ಗುಂಪಿಗೆ 'ನಾಲ್ಕು ಕಾಲಿನವು' ಎಂದೇ ಹೆಸರಿಟ್ಟು, ತಿಮಿಂಗಿಲವನ್ನು ಮೀನುಗಳ ಜೊತೆ ಸೇರಿಸಿದ್ದರು. ಆ ವಿಂಗಡಣೆಯ ಪುಸ್ತಕದ 1758ರ ಹತ್ತನೇ ಆವೃತ್ತಿಯಲ್ಲಿ ಆ ಹೆಸರನ್ನು ಕೈಬಿಟ್ಟು ಹಾಲೂಡಿಸುವುದನ್ನೇ ಗುರುತಾಗಿ ಇಟ್ಟುಕೊಂಡರು. ತಿಮಿಂಗಿಲ ಆಗ ಈ ಕಡೆ ಬಂತು. ಇದನ್ನು ಮಕ್ಕಳಿಗೆ ಹೇಳಿ. ಅವರು ಕೇಳಿದ ಪ್ರಶ್ನೆಯನ್ನೇ ದೊಡ್ಡ ವಿಜ್ಞಾನಿಗಳೂ ಎದುರಿಸಿದ್ದರು ಎಂದು ಗೊತ್ತಾದರೆ ಅವರ ಮುಖ ಅರಳುತ್ತದೆ.

ಈಗ ಹಾಲಿನ ಮಾತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುವುದನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಆನೆಮರಿ ಹೇಗೆ ಕುಡಿಯುತ್ತದೆ ಎಂದು ಕೇಳಿ ನೋಡಿ, ಹೆಚ್ಚಿನವರು ಸೊಂಡಿಲಿನಿಂದ ಅನ್ನುತ್ತಾರೆ. ಆನೆಯ ಮೊಲೆಗಳು ಮುಂಗಾಲುಗಳ ನಡುವೆ, ಎದೆಯ ಹತ್ತಿರ ಇರುತ್ತವೆ. ಮರಿ ತಾಯಿಯ ಮುಂಗಾಲಿನ ಪಕ್ಕ ಬಂದು ನಿಂತು, ಅಡ್ಡ ಬರುವ ಸೊಂಡಿಲನ್ನು ಮೇಲಕ್ಕೆ ಮಡಿಸಿ, ಬಾಯಿ ಹಾಕಿ ಕುಡಿಯುತ್ತದೆ. ಹುಟ್ಟಿದ ಹೊಸದರಲ್ಲಿ ಅದಕ್ಕೆ ಸೊಂಡಿಲನ್ನು ಹೇಗೆ ಬಳಸಬೇಕೆಂದೇ ಸರಿಯಾಗಿ ಗೊತ್ತಿರುವುದಿಲ್ಲ. ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿಗೆ ಹೋದಾಗ ಹಿಂಡಿನಲ್ಲಿ ಸಣ್ಣ ಮರಿ ಇದ್ದರೆ ಈ ದೃಶ್ಯ ಕಾಣಸಿಗುತ್ತದೆ. ನಮ್ಮ ರಾಜ್ಯದಲ್ಲಿ ಸುಮಾರು ಆರು ಸಾವಿರ ಕಾಡಾನೆಗಳಿವೆ.

ತಿಮಿಂಗಿಲದ ಮರಿಗೆ ಚೀಪಿ ಕುಡಿಯುವಂಥ ತುಟಿಗಳಿಲ್ಲ. ಅದಕ್ಕೇ ತಾಯಿಯೇ ಸ್ನಾಯುಗಳನ್ನು ಬಿಗಿದು ಹಾಲನ್ನು ಅದರ ಬಾಯಿಗೆ ಚಿಮ್ಮಿಸುತ್ತದೆ. ಆ ಹಾಲು ತುಂಬ ಗಟ್ಟಿ, ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಕೊಬ್ಬೇ ಇರುತ್ತದೆ. ನೀಲಿ ತಿಮಿಂಗಿಲದ ಮರಿ ಹುಟ್ಟುವಾಗಲೇ ಸುಮಾರು 7 ಮೀಟರ್ ಉದ್ದ. ಹಾಲು ಕುಡಿಯುವ ತಿಂಗಳುಗಳಲ್ಲಿ ಅದರ ತೂಕ ದಿನಕ್ಕೆ 90 ಕಿಲೋದಷ್ಟು ಏರುತ್ತದೆ.

ಪ್ಲಾಟಿಪಸ್ ಮೊಟ್ಟೆ ಇಡುವುದು ನಿಜ. ಅದು ಆಸ್ಟ್ರೇಲಿಯಾದ ಪೂರ್ವ ಭಾಗದ ಹೊಳೆ, ಕೆರೆಗಳ ಪ್ರಾಣಿ. ಬಾತುಕೋಳಿಯ ಕೊಕ್ಕು, ಜಾಲಪಾದ, ಮೈತುಂಬ ಒತ್ತಾದ ತುಪ್ಪಳ. 1799ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಅದರ ಒಣ ತೊಗಲನ್ನು ನೋಡಿ ವಿವರಣೆ ಬರೆದಾಗ, ಯಾರೋ ಬಾತಿನ ಕೊಕ್ಕನ್ನು ತಂದು ಹೊಲಿದಿರಬಹುದೇ ಎಂಬ ಅನುಮಾನ ಅವರಿಗೇ ಇತ್ತು. ಮೊಟ್ಟೆಯಿಡುತ್ತದೋ ಇಲ್ಲವೋ ಎಂಬ ಜಗಳ ಮುಂದಿನ ಎಂಬತ್ತಕ್ಕೂ ಹೆಚ್ಚು ವರ್ಷ ನಡೆದು, 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಮೊಟ್ಟೆಗಳನ್ನು ಕಣ್ಣಾರೆ ಕಂಡ ಮೇಲೆ ಮುಗಿಯಿತು. ತಾಯಿ ಬಿಲದಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು ಸುಮಾರು ಹತ್ತು ದಿನ ಕಾವು ಕೊಡುತ್ತದೆ. ಮರಿ ಹೊರಬಂದ ಮೇಲೆ ಹಾಲೂಡಿಸುತ್ತದೆ. ಅದಕ್ಕೆ ಮೊಲೆತೊಟ್ಟು ಇಲ್ಲ. ಹಾಲು ಹೊಟ್ಟೆಯ ಚರ್ಮದಿಂದಲೇ ಒಸರಿ ತುಪ್ಪಳಕ್ಕೆ ಇಳಿಯುತ್ತದೆ, ಮರಿಗಳು ಅಲ್ಲಿಂದ ಹೀರಿಕೊಳ್ಳುತ್ತವೆ. ಹಾಲಿದೆ, ಕೂದಲಿದೆ, ಆದ್ದರಿಂದ ಸಸ್ತನಿ. ಹೀಗೆ ಮೊಟ್ಟೆಯಿಡುವ ಸಸ್ತನಿಗಳು ಇಂದು ಉಳಿದಿರುವುದು ಐದೇ ಜಾತಿ: ಪ್ಲಾಟಿಪಸ್ ಒಂದು, ಮೈಮೇಲೆ ಮುಳ್ಳಿರುವ ಎಕಿಡ್ನಾಗಳು ನಾಲ್ಕು. ಎಲ್ಲವೂ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯಲ್ಲಿವೆ.

ಕಾಂಗರೂವಿನದು ಇನ್ನೊಂದು ದಾರಿ. ಕೆಂಪು ಕಾಂಗರೂ ಒಂದು ತಿಂಗಳು ಮಾತ್ರ ಬಸಿರಾಗಿರುತ್ತದೆ. ಹುಟ್ಟುವ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಮುಂಗಾಲಿನಿಂದ ತಾಯಿಯ ತುಪ್ಪಳ ಹಿಡಿದು ಹಿಡಿದು ಹೊಟ್ಟೆಚೀಲಕ್ಕೆ ತಾನೇ ಹತ್ತಿಕೊಂಡು ಹೋಗಿ ಮೊಲೆಗೆ ಬಾಯಿ ಕಚ್ಚಿಕೊಂಡರೆ, ತಲೆ ಹೊರಹಾಕಿ ಲೋಕ ನೋಡುವುದು ತಿಂಗಳುಗಳು ಕಳೆದ ಮೇಲೆ. ನಮ್ಮ ಸುತ್ತಮುತ್ತ ಕಾಣುವವೆಲ್ಲ ಮೂರನೆಯ ದಾರಿಯವು. ಮರಿ ತಾಯಿಯ ಹೊಟ್ಟೆಯೊಳಗೆ ಮಾಸಿನ ಮೂಲಕ ಆಹಾರ ಪಡೆದು ಬೆಳೆಯುತ್ತದೆ. ಹಸು ಈದ ಮೇಲೆ ಬೀಳುವ ಮಾಸನ್ನು, ಹಳ್ಳಿಯಲ್ಲಿ ಕಸ ಅನ್ನುತ್ತಾರಲ್ಲ ಅದನ್ನು, ನಿಮ್ಮ ಮಕ್ಕಳಲ್ಲಿ ಹಲವರು ನೋಡಿರುತ್ತಾರೆ. ಅದು ಏನು ಕೆಲಸ ಮಾಡುತ್ತಿತ್ತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಹೇಳಿ.

ಇನ್ನು ಕೂದಲು. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರು ಮತ್ತು ಕೂದಲು ಯಾವುದರಿಂದ ಆಗಿವೆಯೋ ಅದರಿಂದಲೇ ಆದದ್ದು, ಅದಕ್ಕೆ ಕೆರಟಿನ್ ಎಂದು ಹೆಸರು. ಹೊಟ್ಟೆಯ ಕೆಳಭಾಗದಲ್ಲಿ, ಚಿಪ್ಪುಗಳ ಸಂದಿನಲ್ಲಿ ಅದಕ್ಕೆ ನಿಜವಾದ ಕೂದಲೂ ವಿರಳವಾಗಿ ಇರುತ್ತದೆ. ಸಾಮಾನ್ಯವಾಗಿ ಒಂದೇ ಮರಿ ಹಾಕಿ, ಅದನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ಹಲ್ಲೇ ಇಲ್ಲದ ಈ ಸಾಧು ಪ್ರಾಣಿಯನ್ನು ಚಿಪ್ಪಿನ ಆಸೆಗೆ ಕೊಂದು ಸಾಗಿಸುತ್ತಾರೆ. ಉಗುರಿನಲ್ಲಿ ಇಲ್ಲದ ಯಾವ ಔಷಧಿಯೂ ಆ ಚಿಪ್ಪಿನಲ್ಲಿ ಇಲ್ಲ, ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಮುಳ್ಳುಹಂದಿಯ ಮುಳ್ಳುಗಳೂ ದಪ್ಪಗಾದ ಕೂದಲುಗಳೇ. ಅದು ಮುಳ್ಳನ್ನು ಬಾಣದಂತೆ ಬಿಡುತ್ತದೆ ಎನ್ನುವ ಮಾತು ಸುಳ್ಳು. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ಸಡಿಲವಾಗಿದ್ದವು ಎದುರಾಳಿಯ ಮೈಯಲ್ಲಿ ಉಳಿದುಬಿಡುತ್ತವೆ. ಹೆಸರಿನಲ್ಲಿ ಹಂದಿ ಇದ್ದರೂ ಅದು ಇಲಿ, ಅಳಿಲುಗಳ ನೆಂಟ. ಡಾಲ್ಫಿನ್ ಮರಿಗಂತೂ ಹುಟ್ಟುವಾಗ ಮೂತಿಯ ಮೇಲೆ ನಾಲ್ಕಾರು ಕೂದಲಿದ್ದು, ಬಹುತೇಕ ಜಾತಿಗಳಲ್ಲಿ ಆಮೇಲೆ ಉದುರಿಹೋಗುತ್ತವೆ.

ಬಾವಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಮಕ್ಕಳಿಗೆ ಅದರ ಬಗ್ಗೆ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ಒಂದು ಹಳೆಯ ಕೊಡೆಯನ್ನು ತರಗತಿಗೆ ತನ್ನಿ. ಅದನ್ನು ಅರ್ಧ ಬಿಚ್ಚಿ, ಕಡ್ಡಿಗಳ ನಡುವೆ ಬಟ್ಟೆ ಹೇಗೆ ಬಿಗಿದುಕೊಳ್ಳುತ್ತದೆ ಎಂದು ತೋರಿಸಿ. ಬಾವಲಿಯ ರೆಕ್ಕೆ ಹಾಗೇ ಇದೆ, ಮತ್ತು ಆ ಕಡ್ಡಿಗಳು ಅದರ ಬೆರಳುಗಳು. ನಾಲ್ಕು ಬೆರಳು ಮೈಯಷ್ಟೇ ಉದ್ದಕ್ಕೆ ಬೆಳೆದು ನಡುವೆ ತೆಳು ಚರ್ಮ ಹರಡಿಕೊಂಡಿದೆ. ಹೆಬ್ಬೆರಳು ಮಾತ್ರ ಗಿಡ್ಡ, ತುದಿಯಲ್ಲಿ ಕೊಕ್ಕೆಯಂಥ ಉಗುರು. ಮರದ ಮೇಲೆ ತೆವಳುವಾಗ ಆ ಉಗುರನ್ನೇ ಊರಿಕೊಳ್ಳುತ್ತದೆ. ಹಕ್ಕಿಯ ರೆಕ್ಕೆಯಲ್ಲಿ ಬೆರಳುಗಳು ಕಿರಿದಾಗಿ ಬೆಸೆದುಕೊಂಡಿದ್ದು, ಹಾರುವ ಕೆಲಸ ಮಾಡುವುದು ಗರಿಗಳು. ಬಾವಲಿ ಹಾರುವುದು ಕೈಯಿಂದ. ಮಲೆನಾಡಿನ ಹಾರುವ ಅಳಿಲಿಗೆ ಮುಂಗಾಲು ಹಿಂಗಾಲುಗಳ ನಡುವೆ ಚರ್ಮವಿದ್ದು, ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲಿ ಹೋಗಬಲ್ಲದು ಅಷ್ಟೆ. ರೆಕ್ಕೆ ಬಡಿದು ಮೇಲೇರಬಲ್ಲ ಸಸ್ತನಿ ಬಾವಲಿಯೊಂದೇ.

ಮೊಟ್ಟೆ, ಗೂಡು ಯಾವುದೂ ಇಲ್ಲ. ತಾಯಿ ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಆ ಮರಿ ತಾಯಿಯ ತೂಕದ ಕಾಲು ಭಾಗದಷ್ಟು ಇರುವುದೂ ಉಂಟು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಚ್ಚಿಕೊಂಡು ಹಾಲು ಕುಡಿಯುತ್ತದೆ. ದೊಡ್ಡ ಆಲದ ಮರದಲ್ಲೋ ಗೋಣಿಮರದಲ್ಲೋ ಹಗಲು ತೂಗಾಡುವ ಹಣ್ಣುಬಾವಲಿಗಳನ್ನು ದೂರದಿಂದ ಸುಮ್ಮನೆ ಗಮನಿಸಿದರೆ, ರೆಕ್ಕೆಯ ಮಡಿಕೆಯೊಳಗಿಂದ ಇನ್ನೊಂದು ಪುಟ್ಟ ತಲೆ ಇಣುಕುವುದು ಕಾಣುತ್ತದೆ. ಕೀಟ ತಿನ್ನುವ ಸಣ್ಣ ಬಾವಲಿಗಳು ನಮ್ಮ ಕಿವಿಗೆ ಕೇಳಿಸದ ಕೂಗು ಹಾಕಿ, ಅದರ ಮರುದನಿಯಿಂದ ಕತ್ತಲಲ್ಲಿ ಸೊಳ್ಳೆ ಪತಂಗಗಳನ್ನು ಹುಡುಕುತ್ತವೆ. ಅವಕ್ಕೆ ಕಣ್ಣಿದೆ, ಕಾಣಿಸುತ್ತದೆ, ಕುರುಡಲ್ಲ.

ನಮ್ಮ ರಾಜ್ಯಕ್ಕೆ ಬಾವಲಿಗಳ ವಿಷಯದಲ್ಲಿ ದೊಡ್ಡ ಹೊಣೆ ಇದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಬಗೆಯ ಎಲೆಮೂಗಿನ ಬಾವಲಿ ಇದೆ. ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿದ್ದು 1994ರಲ್ಲಿ. ಇಡೀ ಜಗತ್ತಿನಲ್ಲಿ ಈಗ ಗೊತ್ತಿರುವ ಅದರ ನೆಲೆ ಆ ಗುಹೆಯೊಂದೇ, ಸಂಖ್ಯೆ ಕೆಲವೇ ನೂರರೊಳಗೆ. ಅದರ ಸುತ್ತಲಿನ ಬಂಡೆಗಳನ್ನು ಕಲ್ಲುಗಣಿಗಾರಿಕೆಗೆ ಒಡೆಯತೊಡಗಿದ್ದು ಆ ಬಾವಲಿಗೆ ಬಂದ ಅತಿ ದೊಡ್ಡ ಗಂಡಾಂತರವಾಗಿತ್ತು. ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಿನ ಬಾರಾಪೆಡೆ ಗುಹೆಯ ಇನ್ನೊಂದು ಜಾತಿಗೆ 1913ರಲ್ಲಿ ಹೆಸರಿಟ್ಟ ಮೇಲೆ ದಶಕಗಳ ಕಾಲ ಅದು ಬೇರೆಲ್ಲೂ ಕಂಡಿರಲಿಲ್ಲ. ಹುಲಿ ಕಾಡಿನ ಬಗ್ಗೆ ಮಕ್ಕಳಿಗೆ ಹೇಳುವ ಹೆಮ್ಮೆಯಲ್ಲೇ ಹನುಮನಹಳ್ಳಿಯ ಬಗ್ಗೆಯೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಎರಡು ಎಚ್ಚರಿಕೆ: ನೆಲಕ್ಕೆ ಬಿದ್ದ ಬಾವಲಿಯನ್ನು ಮುಟ್ಟಬಾರದು, ಬಾವಲಿ ಕಚ್ಚಿ ಬೀಳಿಸಿದ ಹಣ್ಣು ತಿನ್ನಬಾರದು. ರೋಗಾಣುಗಳು ದಾಟಿ ಬರಬಹುದು. ಅಷ್ಟು ಪಾಲಿಸಿದರೆ ಸಾಕು, ಬಾವಲಿ ಕೂರುವ ಮರವನ್ನು ಕಡಿಯುವ ಅಗತ್ಯ ಏನೂ ಇಲ್ಲ.

ತಿಮಿಂಗಿಲವನ್ನೂ ಡಾಲ್ಫಿನ್ನನ್ನೂ ಮೀನಿನಿಂದ ಬೇರೆ ಮಾಡಲು ಒಂದು ಸುಲಭದ ಗುರುತಿದೆ. ಮೀನಿನ ಬಾಲದ ರೆಕ್ಕೆ ನೆಟ್ಟಗೆ ನಿಂತಿದ್ದು, ಎಡಬಲಕ್ಕೆ ಬೀಸುತ್ತದೆ. ಡಾಲ್ಫಿನ್ ಬಾಲ ಅಡ್ಡಡ್ಡ ಹರಡಿದ್ದು, ಮೇಲೆ ಕೆಳಗೆ ಬಡಿಯುತ್ತದೆ. ನಾಯಿ ಜೋರಾಗಿ ಓಡುವಾಗ ಅದರ ಬೆನ್ನು ಮೇಲಕ್ಕೆ ಬಾಗಿ ಕೆಳಕ್ಕೆ ಚಾಚುವುದನ್ನು ಮಕ್ಕಳು ನೋಡಿದ್ದಾರೆ. ಆ ಬೆನ್ನೆಲುಬಿನ ನಡೆಯನ್ನೇ ಡಾಲ್ಫಿನ್ ನೀರಿನಲ್ಲೂ ಇಟ್ಟುಕೊಂಡಿದೆ, ಏಕೆಂದರೆ ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡಿದವರು. ಕಾರವಾರದ ಕಡೆಯ ಕಡಲಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬರುತ್ತವೆ. ಮೀನಿನಂತೆ ಕಿವಿರಿಲ್ಲ, ನಮ್ಮಂತೆ ಶ್ವಾಸಕೋಶವಿದೆ.

ಈ ಪೂರ್ವಜರ ಸುಳಿವು ಸಿಕ್ಕ ಬಗೆ ಬಹಳ ಸೊಗಸಾಗಿದೆ. ಜಮ್ಮು ಪ್ರದೇಶದ ಕಾಲಾಕೋಟ್ ಎಂಬಲ್ಲಿ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಸಂಗ್ರಹಿಸಿ, 1971ರಲ್ಲಿ ಒಂದು ಪುಟ್ಟ ಪ್ರಾಣಿಗೆ ಇಂಡೋಹಯಸ್ ಎಂದು ಹೆಸರಿಟ್ಟರು. ಒಡೆಯದೆ ಉಳಿದ ಕಲ್ಲುಗಳು ಅವರ ಮನೆಯಲ್ಲೇ ಇದ್ದವು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅವನ್ನು ಅಮೆರಿಕದಲ್ಲಿ ಕೆಲಸ ಮಾಡುವ ತಜ್ಞ ಹಾನ್ಸ್ ಥೇವಿಸ್ಸೆನ್ ಅವರಿಗೆ ಒಪ್ಪಿಸಿದರು. ಅಲ್ಲಿ ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಎಲುಬು ಅಕಸ್ಮಾತ್ತಾಗಿ ಮುರಿಯಿತು. ಮುರಿದ ಕಡೆ ನೋಡಿದರೆ ಅದರ ಒಳಗೋಡೆ ದಪ್ಪಗಿತ್ತು. ಅಂಥ ಕಿವಿ ಅಲ್ಲಿಯವರೆಗೆ ತಿಮಿಂಗಿಲಗಳ ಕುಲದಲ್ಲಿ ಮಾತ್ರ ಕಂಡಿತ್ತು. 2007ರಲ್ಲಿ ಅದು ಪ್ರಕಟವಾಯಿತು: ಸುಮಾರು 4.8 ಕೋಟಿ ವರ್ಷ ಹಿಂದೆ ನಮ್ಮ ಉಪಖಂಡದಲ್ಲಿ ಬದುಕಿದ್ದ, ಬೆಕ್ಕಿನಷ್ಟು ಗಾತ್ರದ, ಸಣ್ಣ ಜಿಂಕೆಯಂತಿದ್ದ ಗೊರಸಿನ ಪ್ರಾಣಿ ತಿಮಿಂಗಿಲಗಳಿಗೆ ತೀರ ಹತ್ತಿರದ ನೆಂಟ. ಇಂದು ಬದುಕಿರುವವುಗಳಲ್ಲಿ ತಿಮಿಂಗಿಲಕ್ಕೆ ಹತ್ತಿರದ ಸಂಬಂಧಿ ನೀರುಕುದುರೆ.

ಇನ್ನು ವೈವಿಧ್ಯ. ಸಸ್ತನಿಗಳ ಚಿತ್ರಪಟ ಎಂದರೆ ಹುಲಿ, ಸಿಂಹ, ಆನೆ, ಜಿರಾಫೆ. ಈ ಪಟಗಳು ಮಕ್ಕಳಿಗೆ ತಪ್ಪು ಲೆಕ್ಕ ಕೊಡುತ್ತವೆ ಎನ್ನುವುದು ನನ್ನ ಹಳೆಯ ತಕರಾರು. ಜಗತ್ತಿನಲ್ಲಿ ಸುಮಾರು 6,500 ಜಾತಿಯ ಸಸ್ತನಿಗಳಿವೆ. ಅವುಗಳಲ್ಲಿ ಹತ್ತಕ್ಕೆ ನಾಲ್ಕು ದಂಶಕಗಳು, ಅಂದರೆ ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿಗಳ ಬಳಗ. ಹತ್ತಕ್ಕೆ ಎರಡು ಬಾವಲಿಗಳು. ಇವೆರಡೇ ಗುಂಪು ಸೇರಿದರೆ ಅರ್ಧಕ್ಕಿಂತ ಹೆಚ್ಚಾಯಿತು. ಹೆಚ್ಚಿನ ಸಸ್ತನಿಗಳು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣವು, ರಾತ್ರಿ ಓಡಾಡುವಂಥವು. ಹಾಗಾಗಿ ಪಾಠವನ್ನು ಮೃಗಾಲಯದಿಂದ ಶುರು ಮಾಡುವ ಬದಲು ಮನೆಯ ಅಟ್ಟ, ಹಿತ್ತಿಲು, ಕೊಟ್ಟಿಗೆಯಿಂದ ಶುರು ಮಾಡಿ.

ಹಿತ್ತಿಲಿನಲ್ಲಿ ಗೋಡೆಯಂಚಿನಲ್ಲೇ ಚೀಕ್ ಚೀಕ್ ಎಂದು ಓಡುವ, ಉದ್ದ ಮೂತಿಯ, ಕಮಟು ವಾಸನೆಯ ಸೊಂಡಿಲಿಯನ್ನು ಮಕ್ಕಳು ಇಲಿ ಎಂದುಕೊಂಡಿರುತ್ತಾರೆ. ಅದು ದಂಶಕವೇ ಅಲ್ಲ, ಜಿರಲೆ ಹುಳುಗಳನ್ನು ತಿನ್ನುವ ಬೇರೆಯೇ ಗುಂಪಿನದು. ಮರಿಗಳನ್ನು ಬೇರೆ ಕಡೆಗೆ ಕರೆದೊಯ್ಯುವಾಗ ಮೊದಲ ಮರಿ ತಾಯಿಯ ಬಾಲದ ಬುಡವನ್ನು ಬಾಯಲ್ಲಿ ಹಿಡಿಯುತ್ತದೆ, ಎರಡನೆಯದು ಮೊದಲನೆಯದರದ್ದು, ಮೂರನೆಯದು ಎರಡನೆಯದರದ್ದು. ಇಡೀ ಸಾಲು ಬಿಡದೆ ತಾಯಿಯ ಹಿಂದೆ ಸಾಗುತ್ತದೆ. ಇದನ್ನು ಕಂಡ ಮಗು ಇದ್ದರೆ ಎದ್ದು ನಿಂತು ಹೇಳಲು ಬಿಡಿ.

ಹಲ್ಲು ನೋಡಿಸಿದರೆ ಅರ್ಧ ಪಾಠ ಮುಗಿದಂತೆ. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ದಿಂಡು ಮಾತ್ರ. ಮೇವನ್ನು ನಾಲಿಗೆಯಿಂದ ಸುತ್ತಿ, ಕೆಳಹಲ್ಲು ಮತ್ತು ಆ ದಿಂಡಿನ ನಡುವೆ ಹಿಡಿದು ಕೀಳುತ್ತದೆ, ನುಂಗಿ, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ನಾಯಿ ಬೆಕ್ಕುಗಳ ಬಾಯಲ್ಲಿ ಉದ್ದನೆಯ ಕೋರೆಹಲ್ಲು, ಹಿಂದೆ ಮಾಂಸ ಕತ್ತರಿಸುವ ಚೂಪು ದವಡೆಹಲ್ಲು. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದು. ನಮ್ಮ ಕಾಡಿನ ಕರಡಿಯ ಮೇಲಿನ ಬಾಚಿಹಲ್ಲುಗಳಲ್ಲಿ ನಡುವಿನ ಎರಡು ಇರುವುದಿಲ್ಲ. ಆ ಸಂದಿನಿಂದ ಗೆದ್ದಲನ್ನು ಉಸಿರೆಳೆದು ಹೀರುತ್ತದೆ. ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದಲ್ಲಿ, ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂಡೆಯಿಂದ ಇಳಿಯುವ ತಾಯಿ ಕರಡಿಯನ್ನು ನೋಡಬಹುದು. ಐದನೇ ತರಗತಿಯ ಮಕ್ಕಳ ಬಾಯಲ್ಲೇ ಹಾಲುಹಲ್ಲು ಬಿದ್ದ ಜಾಗಗಳಿರುತ್ತವೆ. ಎರಡು ಸಲ ಹಲ್ಲು ಬರುವುದು ಬಹುಪಾಲು ಸಸ್ತನಿಗಳ ಲಕ್ಷಣ ಎಂದು ಅಲ್ಲೇ ಹೇಳಿಬಿಡಿ.

ನಮ್ಮ ರಾಜ್ಯದಲ್ಲೇ ಇನ್ನೂ ಎಷ್ಟೋ ಇವೆ. ಕಪ್ಪು ಮೈಗೆ ಬೂದು ಕೇಸರವಿರುವ ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅದಕ್ಕಾಗಿ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ತುಂಗಭದ್ರಾ ನದಿಯ ನೀರುನಾಯಿಗಳಿಗೆ 2015ರಲ್ಲಿ ಅಂಥದೇ ಒಂದು ಆಯಿತು. ತುಮಕೂರಿನ ಕಡೆಯ ಕುರುಚಲು ಕಾಡು, ತೋಟಗಳ ಬದುಗಳಲ್ಲಿ ರಾತ್ರಿ ಹುಳು ಹಿಡಿಯುವ ದುಂಡುಕಣ್ಣಿನ ಕಾಡುಪಾಪ ನಮ್ಮ ದೂರದ ಸಂಬಂಧಿ. ನಿಮ್ಮದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಇದೆಯಲ್ಲ, ಶೈಕ್ಷಣಿಕ ಪ್ರವಾಸಕ್ಕೆ ದೂರದ ಊರು ಹುಡುಕುವ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಪಾರಿವಾಳದ ಪ್ರಶ್ನೆ ಕೇಳಿದ ಮಗುವಿಗೆ ಶಾಬಾಸ್ ಹೇಳಿ. ಪಾರಿವಾಳದ ಗಂಡು ಹೆಣ್ಣು ಎರಡೂ ಗಂಟಲ ಚೀಲದ ಒಳಪದರದಿಂದ ಮೊಸರಿನಂಥ ಆಹಾರ ತಯಾರಿಸಿ ಮರಿಯ ಬಾಯಿಗೆ ಉಣಿಸುತ್ತವೆ. ಅದನ್ನು ಹಾಲು ಎಂದು ಕರೆಯುವುದು ರೂಢಿ. ಆದರೆ ಅದು ಹಾಲಿನ ಗ್ರಂಥಿಯಿಂದ ಬಂದದ್ದಲ್ಲ, ಪಾರಿವಾಳಕ್ಕೆ ಕೂದಲೂ ಇಲ್ಲ, ಗರಿಯಿದೆ. ಎರಡೂ ಪ್ರಶ್ನೆಗೆ ಉತ್ತರ ಇಲ್ಲ ಎಂದೇ ಬರುತ್ತದೆ.

ನಾವೂ ಪ್ರಾಣಿಗಳಾ ಎಂದ ಹುಡುಗಿಗೆ ಹೌದು ಎಂದೇ ಹೇಳಿ, ಮುಜುಗರ ಬೇಡ. ಕುತ್ತಿಗೆಯ ಹಿಂದೆ ಕೈಯಿಟ್ಟು ಮೂಳೆ ಮುಟ್ಟಿಕೊಳ್ಳಲು ಹೇಳಿ. ನಮ್ಮ ಕುತ್ತಿಗೆಯಲ್ಲಿ ಏಳು ಎಲುಬುಗಳಿವೆ, ಇಲಿಗೂ ಏಳು, ತಿಮಿಂಗಿಲಕ್ಕೂ ಏಳು, ಜಿರಾಫೆಗೂ ಏಳೇ. ಜಿರಾಫೆಯ ಒಂದೊಂದು ಎಲುಬೂ ಉದ್ದ, ಅಷ್ಟೆ. ಈ ಲೆಕ್ಕ ತಪ್ಪುವುದು ದಕ್ಷಿಣ ಅಮೆರಿಕದ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮ್ಯಾನಟಿಗಳಲ್ಲಿ ಮಾತ್ರ. ಪರೀಕ್ಷೆಗೆ ಬೇಕಿಲ್ಲದಿದ್ದರೂ ಇದನ್ನು ಹೇಳಿ. ಮನೆಗೆ ಹೋದ ಮೇಲೆ ಅವರು ಎಮ್ಮೆಯ ಕುತ್ತಿಗೆ ಸವರಿ ಎಣಿಸಲು ನೋಡುತ್ತಾರೆ. ಎಣಿಸಲು ಆಗುವುದಿಲ್ಲ, ಮಾಂಸ ದಪ್ಪ. ಮರುದಿನ ಬಂದು ಅದನ್ನೂ ನಿಮ್ಮನ್ನೇ ಕೇಳುತ್ತಾರೆ.